ಎಡಗಡೆ ಯಾರಾದ್ರೂ ಬರ್ತಿದ್ದಾರಾ

ಹಿಂದೆ ಕೂತವರು ಓಡಿಸುವವನ ಜೊತೆ ಮಾತಾಡಬಾರದು. ಮನೆಗೆ ಸ್ಕೂಟರ್ ಬಂದ ದಿನವೇ ನಾನು ಮಾಡಿದ ನಿಯಮ ಅದು, ಒಪ್ಪಿದೆ. ಆದ್ರೆ ಪಾಲಿಸಿದವರು ಯಾರು, ಹೇಳು? ಅಮ್ಮ ಹಿಂದೆ ಕೂತ್ರೆ ಇಡೀ ಬೀದಿಯ ಸಮಾಚಾರ ನನ್ನ ಕಿವಿಗೆ. ಮಗ ತನ್ನ ಮೇಷ್ಟ್ರನ್ನ ಅಣಕಿಸಿ ನಗಿಸ್ತಿದ್ದ. ಉಪ್ಪು ಮುಗಿದಿದೆ ಅಂತ ನಿನಗೆ ನೆನಪಾಗೋದೇ ಸ್ಕೂಟರ್ ಹತ್ತಿದ ಮೇಲೆ. ಈಗ ನಾನೇ ಬಾಯಿಬಿಟ್ಟು ಕೇಳ್ತಿದ್ದೀನಿ, ಎಡಗಡೆ ಯಾರಾದ್ರೂ ಬರ್ತಿದ್ದಾರಾ ಅಂತ. ಈಗಲೇ ನಿನಗೆ ನಿಯಮ ನೆನಪಾಗಬೇಕೇ?

ಹೂಂ ಅನ್ನು. ಇಲ್ಲ, ಊಹೂಂ ಅನ್ನು. ದಿನಾ ಹೇಳ್ತಿದ್ದೆ ತಾನೆ? ನಾನು ಕೇಳೋದು, ನೀನು ‘ಖಾಲಿ ಇದೆ, ಹೋಗಿ’ ಅನ್ನೋದು, ನಾನು ತಿರುಗಿಸೋದು. ಇಷ್ಟು ದಿನ ಇಲ್ಲದ್ದು ಇವತ್ತೇನು ಬಂತು? ...ಆ ಸೈಕಲ್ಲಿನವನ ವಿಷಯವಾ? ತಪ್ಪು ಅವನದು ಅಂತ ಆಗಲೇ ಹೇಳಿದೆನಲ್ಲ. ಬೆಲ್ ಇಲ್ಲ, ಏನಿಲ್ಲ, ಎಡಗಡೆಯಿಂದ ಧುತ್ತಂತ ಬಂದ. ಬಿದ್ದ, ಎದ್ದ, ಮೊಣಕೈ ಒರೆಸಿಕೊಂಡು ಹೋದ. ನೀನು ಮಾತ್ರ ಅಲ್ಲಿಂದ ಈ ಸರ್ಕಲ್ಲಿನವರೆಗೆ ತುಟಿ ಎರಡು ಮಾಡಿಲ್ಲ.

ನೋಡು, ಹೀಗೆ ನಡುರಸ್ತೆಯಲ್ಲಿ ನಿಂತಿದ್ದಕ್ಕೆ ಹಿಂದಿನ ವ್ಯಾನಿನವನು ಬೈದುಕೊಂಡು ಪಕ್ಕದಿಂದ ಹೋದ. ಇಂಥವರ ಬಾಯಿಗೆಲ್ಲ ಬೀಳಬೇಕು ನಾನು.

ಎಡಗನ್ನಡಿ ಒಡೆದಿದೆ, ಅದಕ್ಕೇ ಕೇಳೋದು. ಬೇರೆ ಏನೂ ಅಲ್ಲ. ಗೇಟಿಗೆ ತಾಗಿ ಒಡೀತು... ಗೇಟೂ ಎಡಗಡೆಯೇ ಇತ್ತು, ಸರಿ, ಅದಕ್ಕೇನೀಗ? ಲೆಕ್ಕ ಹಾಕ್ತಿದ್ದೀಯಾ? ಇನ್ನೊಬ್ಬರಾಗಿದ್ರೆ ಎಂದೋ ಕಾರು ತಗೊಂಡಿರೋರು. ಇದೇ ಸ್ಕೂಟರಲ್ಲಿ ಸಂಸಾರ ಎಳೆದೆ, ಹಿಂದೆ ಕೂತ ಯಾರಿಗೂ ಒಂದು ದಿನವೂ ಗೀರು ಬಿದ್ದಿಲ್ಲ. ನಾಳೆಯಿಂದ ಮೊಮ್ಮಗಳನ್ನ ಶಾಲೆಗೆ ಬಿಡೋದೂ ನಾನೇ. ಮುಂದೆ ನಿಂತ್ಕೊತಾಳಂತೆ, ಹಾರ್ನ್ ತಾನೇ ಒತ್ತುತಾಳಂತೆ. ಮಗಳಿಗೆ ಮಾತು ಕೊಟ್ಟಾಗಿದೆ. ಎಡಗಡೆ ನೋಡಿ ಹೇಳೋದು ಅವಳಿಗೂ ಕಲಿಸಿದರಾಯ್ತು, ಆಟದ ಹಾಗೆ...

ಯಾಕೆ, ಯಾಕೆ ಇಳಿದೆ? ಇದು ಇಳಿಯೋ ಜಾಗವಾ?

ಏನೇ, ಎಲ್ಲಿದ್ದೀಯ? ಬಲಗನ್ನಡಿಯಲ್ಲಿ ಇಲ್ಲ. ಮುಂದೂ ಇಲ್ಲ. ಗಾಡಿಗಳ ಮಧ್ಯೆ ನುಗ್ಗಬೇಡ ಮಾರಾಯ್ತಿ, ಬಸ್ಸು ಬರ್ತಿದೆ... ಬಸ್ಸಿನ ಸದ್ದು ಕೇಳಿಸ್ತಿದೆ, ಯಾವ ಕಡೆಯಿಂದ ಅಂತ... ಕೂಗು ಒಂದು ಸಲ. ಸಿಟ್ಟಿದ್ರೆ ಮನೇಲಿ ತೀರಿಸ್ಕೋ, ಬಾಗಿಲು ಹಾಕ್ಕೊಂಡು ಬೈ, ಈಗ ಒಂದು ಮಾತು ಆಡು. ನಿನಗೇನಾದ್ರೂ ಆದ್ರೆ ನಾನು... ಎಲ್ಲಿ ಅಂತ ಹುಡುಕಲಿ?

ಅಯ್ಯೋ.

ಇಲ್ಲೇ ಇದ್ದೀಯ. ಇಲ್ಲೇ, ನನ್ನ ಎಡಗಡೆ, ಒಂದು ಮೊಳದಲ್ಲಿ. ಪೂರ್ತಿ ಕತ್ತು ತಿರುಗಿಸಿದ್ದಕ್ಕೆ... ಎಷ್ಟು ಹೊತ್ತಿಂದ ಹೀಗೆ ನಿಂತಿದ್ದೀಯ, ನನ್ನ ಮುಖದ ಪಕ್ಕ ಕೈ ಚಾಚಿಕೊಂಡು?

ಅಳಬೇಡ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ, ನೀನು ಹೇಳಿದ ದಿನವೇ ಹೋಗೋಣ. ಇವತ್ತೊಂದು ದಿನ ಮನೆವರೆಗೆ... ಹಿಂದೆ ಕೂತು ನೀನು ಬರೀ ಹೂಂ ಅಂದ್ರೆ ಸಾಕು.

ಬೇಡ ಕಣೇ. ಕೀ ಮುಟ್ಟಬೇಡ.

...ಕೊಡು ಇಲ್ಲಿ. ಯಾವ ಕೈಯಲ್ಲಿಟ್ಟುಕೊಂಡೆ?