ಮಂಡಿಯುದ್ದ ನೀರು

...ನಗಬೇಡ, ನಗಬೇಡ, ಕೈ ಅಲ್ಲಾಡುತ್ತೆ! ನಂಬರು ಸೊಟ್ಟಗಾಗುತ್ತೆ. ಮುನ್ನೂರ ಹನ್ನೆರಡು. ಮೂರು... ಒಂದು... ಎರಡು. ನಿಧಾನಕ್ಕೆ ಬರಿ, ಆತುರ ಇಲ್ಲ. ರಾತ್ರಿವರೆಗೂ ನೀರು, ಬೆವರು, ಬಿಸಿಲು ಎಲ್ಲ ತಡ್ಕೊಂಡು ನಿಲ್ಲಬೇಕು ಆ ಶಾಯಿ. ಅಯ್ಯಯ್ಯೋ, ಕಚಗುಳಿ ಕಣೇ! ಹ್ಞಾಂ, ಈಗ ಇನ್ನೊಂದು ತೋಳು.

ಯಾಕೆ ನಗ್ತಿದೀಯ ಅಂತ ನನಗೇನು ಗೊತ್ತಿಲ್ವಾ? ಐವತ್ತೊಂದು ವರ್ಷದ ಗಂಡ. ಬೆಳಗಿನ ಜಾವ ಐದು ಗಂಟೆಗೆ ಮೈಗಂಟಿದ ಬಟ್ಟೆ ಹಾಕ್ಕೊಂಡು, ಕತ್ತಿಗೆ, ಕಂಕುಳಿಗೆ ವ್ಯಾಸಲೀನ್ ಬಳ್ಕೊಂಡು ಲಾಡ್ಜಿನ ಮಂಚದ ಮೇಲೆ ಕೂತಿದಾನೆ. ನಗು, ಇಲ್ಲೇ ನಕ್ಕು ಮುಗಿಸಿಬಿಡು. ಸಮುದ್ರದ ಹತ್ರ ಹೋದ್ರೆ ನಾನೂರು ಜನ ಹೀಗೇ ನಿಂತಿರ್ತಾರೆ, ಎಷ್ಟು ಜನರನ್ನ ನೋಡಿ ನಗ್ತೀಯ?

ಅಲ್ಲ... ನೀನು ಅಲ್ಲಿಗೆ ಬರೋದೇನೂ ಬೇಡ. ಹೇಳ್ತಿದೀನಿ ಅಷ್ಟೆ. ಆರೂವರೆಗೆ ಸ್ಪರ್ಧೆ ಶುರು, ಅದಕ್ಕೆ ಮುಂಚೇನೇ ಹೋಗಿ ನಿಲ್ಲಬೇಕು. ಕತ್ತಲೆ, ಚಳಿ, ನೂಕುನುಗ್ಗಲು. ನೀನು ಇಲ್ಲೇ ಹೊದ್ದು ಮಲಗು. ವರ್ಷವಿಡೀ ಲಾಂಡ್ರಿ ಬಾಗಿಲು ತೆಗೆಯೋಕೆ ಏಳ್ತೀಯಲ್ಲ, ಒಂದು ದಿನ ಮಲಗಿದ್ರೆ ಏನು ಗಂಟು ಹೋಗುತ್ತೆ? ಸಾಯಂಕಾಲ ಬಾ. ಓಟ ಮುಗಿಯೋ ಜಾಗದಲ್ಲಿ ನಿಂತ್ಕೋ, ಚಪ್ಪಾಳೆ ಹೊಡಿ. ಈಜೋದ್ರಲ್ಲಿ ನೋಡೋದೇನಿದೆ? ಬರೀ ಟೋಪಿ. ನಾನೂರು ಟೋಪಿ ನೀರಲ್ಲಿ ಕುಣೀತಿರುತ್ತೆ. ನಿನ್ನ ಗಂಡನ ಟೋಪಿ ಯಾವುದು ಅಂತ ಹೇಗೆ ಕಂಡುಹಿಡೀತೀಯ?

ಏನು? ...ಹೌದು, ಆಲೂಗಡ್ಡೆನೇ. ಬೇಯಿಸಿ ಉಪ್ಪು ಹಾಕಿದೀನಿ. ಸೈಕಲ್ ಮೇಲೆ ತಿನ್ನೋಕೆ. ಅದು ನೀಲಿ ಚೀಲಕ್ಕೆ. ಕೆಂಪು ಚೀಲಕ್ಕೆ ಓಟದ ಶೂ, ಕಾಲುಚೀಲ. ಮೊದಲು ಹೆಚ್ಚುಕಮ್ಮಿ ನಾಲ್ಕು ಕಿಲೋಮೀಟರ್ ಈಜು, ಮೇಲೆ ಬಂದ್ರೆ ನೀಲಿ ಚೀಲ, ಸೈಕಲ್ಲು. ನೂರ ಎಂಬತ್ತು ಕಿಲೋಮೀಟರ್. ಅದಾದ್ಮೇಲೆ ಕೆಂಪು ಚೀಲ, ನಲವತ್ತೆರಡು ಕಿಲೋಮೀಟರ್ ಓಟ. ಎಲ್ಲ ಸೇರಿ ಹದಿನೇಳು ಗಂಟೆ ಒಳಗೆ. ನಿಮ್ಮಮ್ಮನಿಗೆ ಹೇಳಿದಾಗ ಏನಂದ್ರು ಗೊತ್ತಲ್ಲ? "ಅಷ್ಟು ದೂರ ಬಸ್ಸಿಲ್ವಾ?" ಅಂದ್ರು.

ನಕ್ಕೆ ನೋಡು! ಆದ್ರೆ ಒಂದು ಮಾತು ಒಪ್ಕೋಬೇಕು. ಹೋದ ವರ್ಷ ಮೆಡಲ್ ತಂದ ಮೇಲೆ ನಿಮ್ಮಮ್ಮ ಬದಲಾಗಿಬಿಟ್ರು. ಮದುವೆಯಾಗಿ ಇಪ್ಪತ್ತಮೂರು ವರ್ಷ ನನ್ನನ್ನ "ಆ ಇಸ್ತ್ರಿಯೋನು" ಅಂತಿದ್ದವರು, ಮೊದಲನೇ ಸಲ "ನಮ್ಮ ಅಳಿಯಂದ್ರು" ಅಂದ್ರು. ಬಹುವಚನ! ನನಗೆ ಹಿಂದೆ ತಿರುಗಿ ನೋಡೋ ಹಾಗಾಯ್ತು, ಯಾರನ್ನಪ್ಪಾ ಕರೀತಿದಾರೆ ಅಂತ. ಬ್ಯಾಂಕಿನ ಮ್ಯಾನೇಜರು ಪ್ಯಾಂಟು ತಗೊಳ್ಳೋಕೆ ಬಂದವರು ಮೆಡಲ್ ಕೊರಳಿಗೆ ಹಾಕ್ಕೊಂಡು ಫೋಟೋ ತೆಗೆಸ್ಕೊಂಡು, ಪ್ಯಾಂಟು ಮರೆತು ಹೋದ್ರು. ಆಮೇಲೆ ಶಾಲೆಯವರು ಕರೆದು ಭಾಷಣ ಮಾಡಿಸಿದ್ರು... "ಹೆದರಬಾರದು ಮಕ್ಕಳೇ"... ಬಿಡು, ಅದೆಲ್ಲ ಈಗ ಯಾಕೆ.

ಗಂಟೆ ಎಷ್ಟು? ಐದೂ ಹತ್ತಾ! ಗಾಗಲ್ ಎಲ್ಲಿ? ಈಗ ತಾನೇ ಇಲ್ಲಿತ್ತು. ಮಂಚದ ಕೆಳಗೆ ನೋಡು... ತಲೆ ಮೇಲಾ? ಹ್ಞೂಂ. ಇರಲಿ.

ನೀನ್ಯಾಕೆ ಸ್ವೆಟರ್ ಹಾಕ್ಕೊಳ್ತಿದೀಯ? ಬೇಡ ಅಂದ್ನಲ್ಲ. ಗಾಬರಿಯಾಗ್ತೀಯ ಕಣೇ! ಅಲೆ ನೋಡಿದ್ರೆ ಎದೆ ಝಲ್ ಅನ್ನುತ್ತೆ. ಹೋದ ವರ್ಷ ಆಳೆತ್ತರ ಅಲೆ. ಹಾರನ್ ಹೊಡೆದ್ರು, ಎಲ್ಲರೂ ಹೋ ಅಂತ ನುಗ್ಗಿದ್ರು, ನಾನೂ ಧುಮುಕಿದೆ... ಏನು? ಆವತ್ತು ಬಸ್ಸಿಳಿದು ಮನೆಗೆ ಬಂದಾಗ ಸಮುದ್ರ ತಣ್ಣಗಿತ್ತು ಅಂದಿದ್ನಾ? ಶುರುವಿಗೆ ತಣ್ಣಗಿತ್ತು. ಆಮೇಲೆ ಅಲೆ ಎದ್ದಿದ್ದು. ಸಮುದ್ರ ಅಂದ್ಮೇಲೆ ಒಂದೇ ಥರ ಇರುತ್ತಾ?

ಸರಿ ಸರಿ, ಹಾಕ್ಕೋ ಸ್ವೆಟರ್. ಆದ್ರೆ ದೂರ ನಿಂತ್ಕೋಬೇಕು. ಕಾಫಿ ಅಂಗಡಿ ಹತ್ರ. ಅಲ್ಲಿಂದ ನೀರು ಕಾಣಲ್ಲ, ಒಳ್ಳೇದೇ ಆಯ್ತು.

ಹೊತ್ತಾದ್ರೂ ಗಾಬರಿಯಾಗಬೇಡ ಮತ್ತೆ. ಕೊನೆಗೆ ಬಂದವರಿಗೂ ಅಷ್ಟೇ ಮರ್ಯಾದೆ. ಹೋದ ವರ್ಷ ಕೊನೆಗೆ ಬಂದಿದ್ದು ಯಾರು ಗೊತ್ತಾ? ಅರವತ್ತೆಂಟು ವರ್ಷದ ಅಜ್ಜಿ ಕಣೇ, ರಿಟೈರ್ ಆದ ಪೋಸ್ಟ್ ಮಾಸ್ಟರು! ರಾತ್ರಿ ಹನ್ನೊಂದು ದಾಟಿತ್ತು. ಕಾಲು ಎಳ್ಕೊಂಡು ಎಳ್ಕೊಂಡು ಬಂದ್ರು. ಜನ ಎದ್ದು ನಿಂತು ಕೂಗ್ತಿದಾರೆ. ನಾನು ಮೆಡಲ್ ಕೊರಳಿಗೆ ಹಾಕಿದ್ದೇ ತಡ, ನನ್ನ ಭುಜಕ್ಕೆ ತಲೆಯಿಟ್ಟು ಗೊಳೋ ಅಂತ...

...ಅಂದ್ರೆ, ಹಾಕೋದನ್ನ ನೋಡಿದೆ. ಪಕ್ಕದಲ್ಲೇ ನಿಂತಿದ್ದೆ. ಹಾಕಿದ್ದು ಅವರು. ಸಮಿತಿಯವರು.

ಟವೆಲ್ ಮಡಚ್ತಿದೀಯ. ಮಡಚು, ಮಡಚು. ...ಏನೂ ಕೇಳಲಿಲ್ಲ ನೀನು.

ಯಾಕೆ ಸುಮ್ಮನಾದೆ? ನೀನು ಸುಮ್ಮನಿರೋಳೇ ಅಲ್ವಲ್ಲ! ಗಿರಾಕಿ ಒಂದು ಅಂಗಿ ತಂದ್ರೆ, ಈ ಕಲೆ ಏನು, ಎಲ್ಲಿ ಆಯ್ತು, ಯಾವಾಗ ಆಯ್ತು, ಜೊತೇಲಿ ಯಾರಿದ್ರು ಅಂತ ಪೊಲೀಸಿನವರ ಹಾಗೆ ವಿಚಾರಿಸೋಳು. ಈಗ ಕೇಳು. "ನೀವ್ಯಾಕೆ ಮೆಡಲ್ ಹಾಕಿದ್ರಿ" ಅಂತ ಕೇಳು. ...ಕೇಳಲ್ವಾ? "ಸ್ಪರ್ಧೆಗೆ ಹೋದೋನು ಬೇರೆಯವರಿಗೆ ಮೆಡಲ್ ಹಾಕ್ತಾ ಯಾಕೆ ನಿಂತಿದ್ದ" ಅಂತ ಕೇಳೇ, ದಮ್ಮಯ್ಯ! ನನ್ನ ಹತ್ರ ಉತ್ತರ ಇದೆ! ಒಂದು ವರ್ಷದಿಂದ ರೆಡಿ ಮಾಡಿ ಇಟ್ಕೊಂಡಿದೀನಿ!

...ಗೊತ್ತು. ನಿನಗೆ ಗೊತ್ತು. ಗೊತ್ತಿರೋಳು ಯಾಕೆ ಕೇಳ್ತಾಳೆ.

ಯಾವತ್ತಿಂದ? ...ಈಗ ತಾನೇ ಅಲ್ವಾ? ...ಹೋದ ತಿಂಗಳು? ...ಬಂದ ದಿನವೇ?!

ಹೇಗೆ ಸಾಧ್ಯ? ಈಜೋ ಬಟ್ಟೆ ಹಾಗೇ ತರಲಿಲ್ಲ ಕಣೇ ನಾನು! ಲಾಡ್ಜಿನವರ ಹತ್ರ ಉಪ್ಪು ಇಸ್ಕೊಂಡು, ಬಕೆಟ್ ನೀರಿಗೆ ಕದಡಿ ಮೂರು ಗಂಟೆ ನೆನೆಹಾಕಿದೆ. ಒಂದು ಹಿಡಿ ಮರಳೂ ಹಾಕಿದೆ. ಎಷ್ಟು ಶ್ರಮ ಪಟ್ಟೆ! ...ಏನದು, ಮಡಚಿದ ಟವೆಲ್ ಯಾಕೆ ನನ್ನ ಮುಖದ ಮುಂದೆ ಹಿಡೀತೀಯ? ಮಡಿಕೆ... ಮಡಿಕೆನಾ?

ಓಹೋ. ಓಹೋಹೋ... ಥತ್ ನನ್ನ!

ಒಣಗಿಸಿ, ಲಾಡ್ಜಿನವರದೇ ಇಸ್ತ್ರಿಪೆಟ್ಟಿಗೆ ಇಸ್ಕೊಂಡು ಇಸ್ತ್ರಿ ಹಾಕಿದ್ನಲ್ಲ. ಹಾಕಿ, ನಮ್ಮ ಅಂಗಡೀಲಿ ಕೊಡೋ ಹಾಗೆ ಒಳಗೆ ರಟ್ಟು ಇಟ್ಟು, ಮೂರು ಮಡಿಕೆ ಮಾಡಿ, ಗುಂಡುಪಿನ್ನು ಚುಚ್ಚಿ... ಹದಿನೇಳು ಗಂಟೆ ಒದ್ದಾಡಿ ಬಂದವನು ಗುಂಡುಪಿನ್ನು ಚುಚ್ತಾನಾ? ಕೈ ಅಭ್ಯಾಸ ಕಣೇ! ನನಗೆ ಗೊತ್ತೇ ಆಗಲಿಲ್ಲ. ನಗಬೇಡ. ...ಅಲ್ಲ, ನಗು. ಸುಮ್ಮನಿರೋದಕ್ಕಿಂತ ನೀನು ನಗೋದೇ ವಾಸಿ.

ಹೇಳ್ತೀನಿ. ಅಲೆ ಇರಲಿಲ್ಲ. ಕೊಳದ ಹಾಗಿತ್ತು ಸಮುದ್ರ. ಹಾರನ್ ಹೊಡೆದ್ರು, ಎಲ್ಲರೂ ಓಡಿದ್ರು, ನಾನೂ ಓಡಿದೆ. ಮಂಡಿಯುದ್ದ ನೀರಿಗೆ ಹೋದೆ... ಕಾಲು ಮುಂದಕ್ಕೆ ಬರಲಿಲ್ಲ. ಗಾಗಲ್ ಸರಿ ಮಾಡ್ಕೊಳ್ಳೋನ ಹಾಗೆ ಬಗ್ಗಿದೆ. ಸರಿ ಮಾಡ್ದೆ, ಮಾಡ್ದೆ, ಮಾಡ್ತಾನೇ ಇದ್ದೆ. ತಲೆ ಎತ್ತಿದಾಗ ಎಲ್ಲರೂ ಅಷ್ಟು ದೂರ. ಹೆದರಿಕೆ ಕಣೇ. ಸತ್ತೇ ಹೋಗ್ತೀನಿ ಅನ್ನೋ ಹೆದರಿಕೆ. ಈಜು ಬರಲ್ಲ ಅಂತಲ್ಲ, ಬರುತ್ತೆ, ನೀನೇ ನೋಡಿದೀಯ. ಆ ಜನ, ಆ ಕೈಕಾಲು, ಕೆಳಗೆ ನೆಲ ಕಾಣದ ನೀರು... ಟೋಪಿ ತೆಗೆದು ಹಿಂದಕ್ಕೆ ನಡೆದುಬಿಟ್ಟೆ. ನಿನಗೆ ಫೋನ್ ಮಾಡೋಕೆ ಮುಖ ಇರಲಿಲ್ಲ. ರಾತ್ರಿವರೆಗೂ ಅಲ್ಲೇ ಸುತ್ತಾಡಿದೆ. ಯಾರೋ ಸಮಿತಿಯವರು, ಆಳು ಸಾಲದು ಅಂತ, ಮೆಡಲ್ಲಿನ ಪೆಟ್ಟಿಗೆ ನನ್ನ ಕೈಗೆ ಕೊಟ್ರು. ಬಂದವರಿಗೆಲ್ಲ ಹಾಕಿದೆ. ಎಲ್ಲರೂ ನನ್ನನ್ನ ತಬ್ಬಿಕೊಂಡ್ರು. ಕೊನೆಗೆ ಪೆಟ್ಟಿಗೇಲಿ ಒಂದು ಉಳೀತು.

ಕಳ್ಳತನ ಅಲ್ಲ ಅಂತ ಹೇಳಲ್ಲ. ಆದ್ರೆ ನೀನು... ಗೊತ್ತಿದ್ದೂ ಆ ಮೆಡಲ್ಲಿನ ಧೂಳು ಒರೆಸ್ತಿದ್ದೆಯಲ್ಲೇ! ನಿಮ್ಮಮ್ಮನ ಮುಂದೆ ಒಂದು ಮಾತು ಆಡಲಿಲ್ವಲ್ಲ! ನಾಚಿಕೆಯಾಗ್ತಿದೆ ನನಗೆ. ನಿಜವಾಗ್ಲೂ.

ಇರು, ಇರು. ಈ ಸಲದ ಫಾರಂ ತುಂಬಿದ್ದು ನೀನು. ನನ್ನನ್ನ ಕೇಳದೆ ತುಂಬಿ, "ಮತ್ತೆ ಹೋಗಿ" ಅಂದೆ. ಹೆಮ್ಮೆ ಜಾಸ್ತಿಯಾಗಿ ಕಳಿಸ್ತಿದಾಳೆ ಅಂದ್ಕೊಂಡು ವರ್ಷವಿಡೀ ಬೆವರು ಸುರಿಸಿದೆ. ಅಂದ್ರೆ... ಗೊತ್ತಿದ್ದೇ ತುಂಬಿದೆಯಾ?

...ಏನಾದ್ರೂ ಹೇಳು ಮಾರಾಯ್ತಿ. ಬೈಯಾದ್ರೂ ಬೈ. ಈ ಸಲವೂ ಮಂಡಿಯುದ್ದ ನೀರಲ್ಲಿ ನಿಂತುಬಿಟ್ರೆ ಏನು ಮಾಡ್ಲಿ?

ನಿನ್ನ ಪ್ಯಾಂಟು ಯಾಕೆ ಮೇಲಕ್ಕೆ ಮಡಚ್ಕೊಳ್ತಿದೀಯ? ...ಶೂ ಯಾಕೆ ಬಿಚ್ತೀಯ, ಹೊರಗೆ ಚಳಿ... ನೀನೂ ಬರ್ತೀಯಾ? ನೀರಿಗಾ? ನಿನಗೆ ಈಜೋಕೇ ಬರಲ್ವಲ್ಲೇ! ...ಮಂಡಿವರೆಗೆ. ಸರಿ. ಮಂಡಿವರೆಗೆ ಬಂದು? ಬಂದು ಏನು ಮಾಡ್ತೀಯ?

...ತಳ್ತೀಯಾ?!

ನಾನೂರು ಜನದ ಎದುರಿಗೆ? ಕಟ್ಟಿಕೊಂಡ ಗಂಡನ್ನ? ...ಎರಡೂ ಕೈಯಿಂದ!

...ಹ್ಞೂಂ. ನಡಿ. ತಳ್ಳುವಂತೆ. ಆದ್ರೆ ತಳ್ಳೋದಾದ್ರೆ ಗಟ್ಟಿಯಾಗಿ ತಳ್ಳು ಕಣೇ, ನಾನು ಹಿಂದಕ್ಕೆ ತಿರುಗಿ ನೋಡೋಕಾಗಬಾರದು.