ಒದ್ದೆ ಭಂಡಾರ

೨೦೨೨ರ ನವೆಂಬರ್ ೨೩, ಬುಧವಾರ. ಹಗಲೆಲ್ಲ ಆಕಾಶ ತಿಳಿಯಾಗಿತ್ತು. ಹೊತ್ತು ಮುಳುಗಿದ ಮೇಲೆ ಮೂಡಣದಿಂದ ತಣ್ಣನೆ ಗಾಳಿ ಬಿಟ್ಟಿತು.

ಇದು ನನ್ನ ಚಿಕ್ಕಪ್ಪನ ಮಗ ಶ್ರೀಶೈಲ ಕಣ್ಣಾರೆ ಕಂಡದ್ದು. ಅವನು ಕತೆ ಕಟ್ಟುವವನಲ್ಲ. ಕಟ್ಟಲು ಬೇಕಾದಷ್ಟು ಮಾತೇ ಅವನಲ್ಲಿಲ್ಲ.

ಸವದತ್ತಿಯಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ, ಮನೆ ಮಲಪ್ರಭೆಯ ಹಿನ್ನೀರಿನ ದಂಡೆಯ ಹಳ್ಳಿಯಲ್ಲಿ. ಆ ರಾತ್ರಿ ಕಡೆಯ ಬಸ್ಸಿಳಿದು, ಹಾಳುಬಾವಿಯ ಪಕ್ಕದ ಕಾಲುದಾರಿಯಲ್ಲಿ ಬರುತ್ತಿದ್ದ. ಬಾವಿ ದಾಟಿದರೆ ಬೋಟು ಕಟ್ಟುವ ಜಾಗ.

ಕಿರ್ರ್... ಟಕ್.

ನಿಂತ. ನಟ್ಟು ಬಿಗಿಯುವ ಸದ್ದು ಅವನಿಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ.

ಕಿರ್ರ್... ಟಕ್.

ಸದ್ದು ಬರುತ್ತಿದ್ದದ್ದು ಜನರನ್ನು ಆಚೆ ದಂಡೆಗೆ ದಾಟಿಸುವ ಗುರುನಾಥನ ಬೋಟಿನಿಂದ. ಮೋಟಾರನ್ನು ನೀರಿನಿಂದ ಮೇಲೆತ್ತಿ ಕಟ್ಟಿದ್ದರು. ಹತ್ತಿರ ಯಾರೂ ಇಲ್ಲ. ಮೋಟಾರಿನ ತುದಿಯಲ್ಲಿ ನೀರು ತಳ್ಳುವ ಪಂಕಾ ಮಾತ್ರ ಮೆಲ್ಲಗೆ ತಿರುಗುತ್ತಿತ್ತು... ಆಗಷ್ಟೇ ಯಾರೋ ಕೈ ಬಿಟ್ಟ ಹಾಗೆ. ಶ್ರೀಶೈಲ ಟಾರ್ಚಿನ ಬೆಳಕು ಬಿಟ್ಟ. ನಟ್ಟಿನ ಮೇಲೆ ಹೆಬ್ಬೆರಳಗಲ ಭಂಡಾರ, ದೇವಿಯ ಅರಿಶಿನ ಪುಡಿ. ಮುಟ್ಟಿದರೆ ಒದ್ದೆ.

ಆ ದಂಡೆಯ ಬೋಟಿನವರದು ಒಂದು ರೂಢಿ. ತನ್ನ ಬೋಟನ್ನು ತಾನು ತಪಾಸಣೆ ಮಾಡಬಾರದು. ತನ್ನ ಕಣ್ಣಿಗೆ ತನ್ನದು ಸರಿಯಾಗಿಯೇ ಕಾಣುತ್ತದೆ. ಪಕ್ಕದವನು ಬಂದು ನೋಡಬೇಕು. ಪಂಕಾ ಅಲುಗಿಸಿ, ನಟ್ಟು ಬಿಗಿದು, ಅದು ಕಳಚದಂತೆ ಹಾಕುವ ಪಿನ್ನು ಇದೆಯೋ ಇಲ್ಲವೋ ನೋಡಿ, ಕೊನೆಗೆ ಎಲ್ಲಮ್ಮನ ಭಂಡಾರವನ್ನು ಹೆಬ್ಬೆರಳಿನಿಂದ ಒತ್ತಬೇಕು. ಒತ್ತಿದ ಮೇಲೆ ಯಾರೂ ಮತ್ತೆ ಬಿಚ್ಚಿ ನೋಡುವಂತಿಲ್ಲ. ನೋಡಿದರೆ ಅವ್ವನನ್ನೇ ನಂಬಲಿಲ್ಲ ಎಂದಂತೆ.

ಮೊದಲು ಅಲ್ಲಿ ಎರಡು ಬೋಟುಗಳಿದ್ದವು. ಶಟ್ಟೆಪ್ಪನದನ್ನು ಗುರುನಾಥ ನೋಡುತ್ತಿದ್ದ, ಗುರುನಾಥನದನ್ನು ಶಟ್ಟೆಪ್ಪ. ಜನ ಹತ್ತುತ್ತಿದ್ದದ್ದು ಮಾತ್ರ ಶಟ್ಟೆಪ್ಪನ ಬೋಟನ್ನೇ. ಹಿಂದಿನ ವರ್ಷ ಒಂದು ಸಂಜೆ ಶಟ್ಟೆಪ್ಪ ಒಬ್ಬನೇ ಹೋದಾಗ ನಡುನೀರಿನಲ್ಲಿ ಪಂಕಾ ಕಳಚಿ ಬಿತ್ತು. ಗಾಳಿ ಬೋಟನ್ನು ಬಂಡೆಗೆ ಹೊಡೆಯಿತು. ಹೆಣ ಸಿಕ್ಕಿತು, ಪಂಕಾ ಸಿಗಲಿಲ್ಲ. ಪಿನ್ನು ಮುರಿದಿರಬೇಕು ಎಂದರು ಜನ. ಗುರುನಾಥ ಕೂಡ ಹಾಗೇ ಎಂದ.

ಈಗ ಉಳಿದಿದ್ದದ್ದು ಒಂದೇ ಬೋಟು. ಅದನ್ನು ನೋಡಿ ಭಂಡಾರ ಒತ್ತುವವರು ಯಾರೂ ಇರಲಿಲ್ಲ.

"ನೀ ಹಚ್ಚಿದೇನು?"

ಶ್ರೀಶೈಲ ತಿರುಗಿದ. ಬಾವಿಯ ಕಟ್ಟೆಗೆ ಒರಗಿ, ಕಂಬಳಿ ಹೊದ್ದು ಗುರುನಾಥ ಕೂತಿದ್ದ.

"ಇಲ್ಲೋ ಕಾಕಾ. ನೀ ಅಲ್ಲೇನು?"

"ನಾ ಅಲ್ಲ..." ಗುರುನಾಥ ದನಿ ಇನ್ನೂ ತಗ್ಗಿಸಿದ. "ದಿನಾ ಹಚ್ಚತಾನ. ನಾ ಒರಸತೇನಿ. ಮತ್ತ ಹಚ್ಚತಾನ."

ಯಾರು ಎಂದು ಶ್ರೀಶೈಲ ಕೇಳಲಿಲ್ಲ. ಬಿಚ್ಚಿ ನೋಡೋಣವೇ ಎಂದ. ಗುರುನಾಥ ತಲೆ ಅಲ್ಲಾಡಿಸಿದ. ಒರೆಸುವಷ್ಟು ಧೈರ್ಯವಿತ್ತು, ಬಿಚ್ಚುವಷ್ಟು ಇರಲಿಲ್ಲ. ಮೈ ನೆಟ್ಟಗಿಲ್ಲ ಅಂತ ನೆಪ ಹೇಳಿ ಅವನು ಬೋಟು ಬಿಡದೆ ಎಷ್ಟೋ ದಿನವಾಗಿತ್ತು. ಆದರೆ ಮಗ ಸುನೀಲ ಹಟ ಹಿಡಿದಿದ್ದ, ಬೆಳಗಾದರೆ ತಾನೇ ಬಿಡುತ್ತೇನೆಂದು.

"ನನ್ನ ಮಗನ್ನ ಕೇಳಾಕ ಹತ್ಯಾನ ಅಂವ," ಎಂದ ಗುರುನಾಥ.

ಬೆಳಿಗ್ಗೆ ಆಚೆ ದಂಡೆಯ ಹೊಲಕ್ಕೆ ಹೋಗುವ ಹೆಂಗಸರು ಬೋಟಿನಲ್ಲಿ ಕೂತಿದ್ದರು. ಶಟ್ಟೆಪ್ಪನ ಹೆಂಡತಿ ಮಾಯವ್ವನೂ ಅವರಲ್ಲಿದ್ದಳು. ಸುನೀಲ ಹಗ್ಗ ಬಿಚ್ಚುತ್ತಿದ್ದ, ಶ್ರೀಶೈಲ ದಂಡೆಯ ಮೇಲೆ ನಿಂತಿದ್ದ. ಗುರುನಾಥ ಮೊಳಕಾಲುದ್ದ ನೀರಿನಲ್ಲಿ ನಿಂತು ಮೋಟಾರು ಹಿಡಿದುಕೊಂಡ. ಬಿಡಲೊಲ್ಲ.

"ಕಾಕಾ, ಬಿಡೂದಿದ್ರ ಬಿಡ್ರಿ. ಇಲ್ಲಂದ್ರ ನಾವ ಈಸಿ ಹೋಗತೇವಿ," ಎಂದಳು ಒಬ್ಬಾಕೆ. ಉಳಿದವರು ನಕ್ಕರು.

ಪಿನ್ನು ನೋಡಬೇಕು ಎಂದ ಗುರುನಾಥ. ಸುನೀಲನಿಗೆ ಸಿಟ್ಟು ಬಂತು. ಪಂಕಾ ಹೊಸದು, ಹೋದ ವಾರ ಶ್ರೀಶೈಲಣ್ಣನೇ ಕೂಡಿಸಿದ್ದಾನೆ, ಮೇಲೆ ಭಂಡಾರವೂ ಇದೆ. "ಹಚ್ಚಿದ್ದು ಬಿಚ್ಚಬಾರದು ಅಂತ ಕಲಿಸಿದಾಂವ ನೀನ ಅಲ್ಲೇನಪಾ?"

ಗುರುನಾಥ ಮಗನ ಮುಖ ನೋಡಿದ.

"ಭಂಡಾರದ ಕೆಳಗ ಪಿನ್ ಇರೂದಿಲ್ಲೋ ತಮ್ಮಾ... ಅವತ್ತೂ ಇದ್ದಿದ್ದಿಲ್ಲ."

ನಗು ನಿಂತಿತು.

ಮಾಯವ್ವ ಮೆಲ್ಲಗೆ ಕೇಳಿದಳು. "ಅಣ್ಣಾರ, ಅದು ನಿಮಗ ಹೆಂಗ ಗೊತ್ತು?"

ಗುರುನಾಥ ಹೇಳಿದ. ನಡುನೀರಿನಲ್ಲಿ ಶಟ್ಟೆಪ್ಪನ ಬೋಟು ನಿಲ್ಲಲಿ, ಊರು ಅವನನ್ನು ನೋಡಿ ನಗಲಿ ಎಂದಷ್ಟೇ ಪಿನ್ನು ಕಿತ್ತದ್ದು. ಗಾಳಿ ಬರುತ್ತದೆಂದು ಗೊತ್ತಿರಲಿಲ್ಲ. ಕಿತ್ತ ಮೇಲೆ ಭಂಡಾರ ಒತ್ತಿದ್ದು ಯಾಕೆ ಎಂಬುದನ್ನು ಮಾತ್ರ ಹೇಳಲಿಲ್ಲ. ಬಗ್ಗಿ, ತನ್ನ ಬೋಟಿನ ನಟ್ಟಿನ ಮೇಲಿದ್ದ ಭಂಡಾರ ಒರೆಸಲು ಹೆಬ್ಬೆರಳು ಚಾಚಿದ.

ಇಲ್ಲಿಂದ ಮುಂದಿನದನ್ನು ಶ್ರೀಶೈಲ ಯಾವಾಗಲೂ ಹೀಗೇ ಹೇಳುತ್ತಾನೆ. ನಾನು ಎಷ್ಟೋ ಸಲ ಕೇಳಿದ್ದೇನೆ, ಅವನು ಒಂದು ಮಾತೂ ಬದಲಿಸಿಲ್ಲ. ಮೋಟಾರು ಚಾಲೂ ಮಾಡುವ ಹಗ್ಗವನ್ನು ಯಾರೂ ಎಳೆದಿರಲಿಲ್ಲ. ಪೆಟ್ರೋಲಿನ ಡಬ್ಬಿ ಇನ್ನೂ ಮಾಯವ್ವನ ಕಾಲ ಹತ್ತಿರವೇ ಇತ್ತು, ಪೈಪು ಸಿಗಿಸಿರಲಿಲ್ಲ.

ಘರ್ರ್... ಅಂದಿತು. ಪಂಕಾ ಒಂದೇ ಒಂದು ಸುತ್ತು ಸುತ್ತಿ ನಿಂತಿತು.

ಗುರುನಾಥನನ್ನು ಸವದತ್ತಿಯ ದವಾಖಾನೆಗೆ ಒಯ್ದ ಮೇಲೆ ಶ್ರೀಶೈಲನೇ ನಟ್ಟು ಬಿಚ್ಚಿದ. ಪಿನ್ನು ಇತ್ತು. ಸರಿಯಾಗಿ ಕೂತಿತ್ತು, ಬೋಟು ಆಚೆ ದಂಡೆಗೆ ಹೋಗಿ ಬಂದಿರುತ್ತಿತ್ತು. ಆದರೆ ಪಂಕಾ ಅವನು ಕೂಡಿಸಿದ್ದಲ್ಲ. ಪಾಚಿ ಹಿಡಿದ ಹಳೆಯದು. ಒಂದು ಎಲೆಯ ತುದಿ ಮುಕ್ಕಾಗಿತ್ತು, ಮುಕ್ಕನ್ನು ಅರದಿಂದ ಉಜ್ಜಿ ನುಣುಪು ಮಾಡಿದ್ದರು. ಶಟ್ಟೆಪ್ಪನಿಗೆ ಅದನ್ನು ಉಜ್ಜಿಕೊಟ್ಟವನು ಶ್ರೀಶೈಲನೇ.

ಅದನ್ನು ದಂಡೆಯ ಮೇಲಿಟ್ಟರು. ಮಾಯವ್ವ ಬಂದು ನೋಡಿದಳು. ಅಳಲಿಲ್ಲ. ನೀರಿನ ಕಡೆ ತಿರುಗಿ, ಊಟಕ್ಕೆ ಕೂತ ಗಂಡನನ್ನು ಕೇಳುವ ದನಿಯಲ್ಲಿ ಕೇಳಿದಳು.

"ಇಷ್ಟು ಸಾಕೇನ್ರಿ?"

ಆಮೇಲೆ ಆ ಬೋಟಿನ ಮೇಲೆ ಯಾರೂ ಒತ್ತದೆಯೇ ಮೂಡುವ ಭಂಡಾರ ಮತ್ತೆ ಕಂಡಿಲ್ಲ. ಸುನೀಲ ಇವತ್ತಿಗೂ ಜನರನ್ನು ದಾಟಿಸುತ್ತಾನೆ. ಬೇಕಾದರೆ ಹೋಗಿ ನೋಡಿ. ಗುರುನಾಥ ಬಾವಿಯ ಕಟ್ಟೆಯ ಮೇಲೆ ಕೂತಿರುತ್ತಾನೆ, ಬಲಗೈಯನ್ನು ಕಂಬಳಿಯೊಳಗಿಟ್ಟು. ಆ ಹೆಬ್ಬೆರಳನ್ನು ಅವತ್ತು ಎಲ್ಲರೂ ಹುಡುಕಿದರು. ನೀರು ತಿಳಿಯಾಗಿತ್ತು, ತಳದ ಹರಳು ಕಾಣುತ್ತಿದ್ದವು. ಅದು ಸಿಗಲಿಲ್ಲ.