ಓಗೊಡದ ಅಪ್ಪ

ಅಪ್ಪ ಅನ್ನುವ ಮಾತು ಎಲ್ಲಿಂದ ಬಂತು, ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಕಾಲಿಗೆ ಮುಳ್ಳು ಚುಚ್ಚಿದರೆ ಯಪ್ಪಾ ಅನ್ನುತ್ತೀರಿ. ಹಟ ಹಿಡಿದ ಕೂಸಿಗೆ ಉಣ್ಣಪ್ಪಾ ಅನ್ನುತ್ತೀರಿ. ಮಠಕ್ಕೆ ಬಂದು ನನ್ನಂಥ ಸನ್ಯಾಸಿಗೂ ಅಪ್ಪಾರ ಅನ್ನುತ್ತೀರಿ. ಇಷ್ಟು ಧಾರಾಳವಾಗಿ ಬಳಸುವ ಮಾತು ಹುಟ್ಟಿದ್ದೆಲ್ಲಿ? ಓದಿದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೇಳಲಿ. ನಾನು ಒಂದು ಕಥೆ ಹೇಳುತ್ತೇನೆ.

ನೋಡಿ, ಒಂದೂರಲ್ಲಿ ಮೆಣಸಿನಕಾಯಿ ವ್ಯಾಪಾರದ ಒಬ್ಬ ಶ್ರೀಮಂತನಿದ್ದ. ಹೆಸರು ಹೇಳುವುದಿಲ್ಲ, ಹೇಳಿದರೆ ಪ್ರವಚನ ಬಿಟ್ಟು ಅವನು ಯಾರಿಗೆ ಬೀಗನಾಗಬೇಕು ಅಂತ ಮಾತಾಡುತ್ತ ಕೂಡುತ್ತೀರಿ. ಮನೆಯ ಮುಂಭಾಗವೇ ಅವನ ಗೋದಾಮು. ಊರಿಗೆ ಊರೇ ಅವನನ್ನು ಸಾಹುಕಾರ್ರು ಅನ್ನುತ್ತಿತ್ತು. ಒಬ್ಬಳೇ ಮಗಳು, ಶಾಲೆಯಲ್ಲಿ ಎರಡನೇ ಇಯತ್ತೆ. ಅವಳೂ ಸಾಹುಕಾರ್ರ ಅಂತಲೇ ಕರೆಯುತ್ತಿದ್ದಳು. ಅದು ಅವನಿಗೆ ಹೆಮ್ಮೆ. ಬಂದವರ ಮುಂದೆ, "ಎಷ್ಟು ಮರ್ಯಾದಿ ನೋಡ್ರಿ ನಮ್ಮ ಹುಡುಗೀದು!" ಅಂತ ಮೀಸೆ ತಿರುವುತ್ತಿದ್ದ.

ಶಾಲೆಯಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತು. ಮುಖ್ಯ ಅತಿಥಿ ಯಾರು? ಇವನೇ. ಹಾರ ಹಾಕಿಕೊಂಡು ವೇದಿಕೆ ಮೇಲೆ ಕೂತಿದ್ದ. ಸಣ್ಣ ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಅಪ್ಪನ ಬಗ್ಗೆ ಎರಡು ಮಾತು ಆಡಬೇಕು. ಒಂದು ಹುಡುಗಿ, "ನಮ್ಮಪ್ಪ ನನಗ ಜಡಿ ಹಾಕ್ತಾನ, ಸೊಟ್ಟ ಹಾಕ್ತಾನ" ಅಂದಿತು. ಜನ ನಕ್ಕರು. ಒಬ್ಬ ಹುಡುಗ, "ನಮ್ಮಪ್ಪ ಕರದ ಕೂಡ್ಲೆ ಬರ್ತಾನ" ಅಂದ. ಆಮೇಲೆ ಇವನ ಮಗಳು ಬಂದಳು. ಇವನು ಹಾರ ಸರಿಮಾಡಿಕೊಂಡು ನೆಟ್ಟಗೆ ಕೂತ.

"ನನಗ ಅಪ್ಪ ಇಲ್ರಿ. ನಮ್ಮನ್ಯಾಗ ಸಾಹುಕಾರ್ರು ಅದಾರ್ರಿ."

ಇಷ್ಟು ಹೇಳಿ ಕೈಮುಗಿದು ಇಳಿದುಹೋದಳು. ಅಳಲಿಲ್ಲ, ಸಿಟ್ಟಾಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.   ಬದುಕಿ ಕೂತವನನ್ನು ಸ್ವಂತ ಮಗಳೇ ಇಲ್ಲ ಅಂದುಬಿಟ್ಟರೆ ಹೇಗಾದೀತು? ನಿಮಗೆ ಹಾಗಾದರೆ ಹೇಗಾದೀತು?

ಮನೆಗೆ ಬಂದವನೇ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡ. 

"ನಾ ನಿಮ್ಮಪ್ಪ ಅದೀನವಾ! ಇವತ್ತಿಂದ ನನಗ ಅಪ್ಪ ಅನ್ನಬೇಕು. ತಿಳೀತಿಲ್ಲೋ?"

ಹುಡುಗಿ ಗೋದಾಮಿನ ಹಮಾಲರ ಹಾಗೆ ಕೈಕಟ್ಟಿ ನಿಂತಿತು. "ಆಗ್ಲಿ ಸಾಹುಕಾರ್ರ. ಅಪ್ಪ ಅಂತೀನ್ರಿ."

ಅವನು ಸೀದಾ ಅಡುಗೆಮನೆಗೆ ಹೋಗಿ ಹೆಂಡತಿಯ ಮೇಲೆ ಹರಿಹಾಯ್ದ. "ಕೂಸಿಗೆ ಇದನ್ನ ಕಲಿಸಿದಾಕಿ ನೀನೇನು?"

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾ ಕಲಿಸಿದ್ದು ಅಪ್ಪ ಅಂತನ ರೀ. ಅಂಬೆಗಾಲಿಟ್ಟು ಗೋದಾಮಿನ ಹೊಸ್ತಿಲಕ್ಕ ಬಂದು ಅಪ್ಪಾ, ಅಪ್ಪಾ ಅಂತ ಗಂಟಲು ಹರಕೊಂತಿತ್ತು. ನೀವು ಮೆಣಸಿನಕಾಯಿ ಮುರದು ಬಣ್ಣ ನೋಡ್ಕೊಂತ ಕುಂತಿರ್ತಿದ್ರಿ, ತಲಿ ಎತ್ತತಿರಲಿಲ್ಲ. ಹಮಾಲ ಬಂದು ಸಾಹುಕಾರ್ರ ಅಂದ ಕೂಡ್ಲೆ ಓ ಅಂತಿದ್ರಿ. ಕೂಸು ಅದನ್ನ ನೋಡ್ತು. ನೀವು ಯಾವುದಕ್ಕ ಓ ಅಂತೀರೋ ಅದನ್ನ ಹಿಡಕೊಂಡ್ತು."

"ಕೈಯೆಲ್ಲಾ ಖಾರ ಇರ್ತಿತ್ತು. ಎತ್ತಿಕೊಳ್ಳಾಕ ಹ್ಯಾಂಗ ಬರ್ತಿತ್ತು?"

"ಓ ಅನ್ನಾಕ ಕೈ ಬೇಕೇನ್ರಿ?"

 

ಆಮೇಲೆ ಆ ಹುಡುಗಿ ಅಪ್ಪ ಅಂದಳೋ ಇಲ್ಲವೋ ಅಂತ ಕೇಳುತ್ತೀರಿ. ಅನ್ನುತ್ತಾಳೆ, ದಿನಾ ಅನ್ನುತ್ತಾಳೆ. ಹೇಳಿದ ಮಾತು ಮೀರುವ ಹುಡುಗಿಯಲ್ಲ ಅದು. ಅವನೂ ಕೈಯಲ್ಲಿನ ಕೆಲಸ ಬಿಟ್ಟು ಓ ಅನ್ನುತ್ತಾನೆ. ಓ ಅಂದಾಗಲೆಲ್ಲ ಅವಳು ಬೆಚ್ಚಿಬೀಳುತ್ತಾಳೆ. ಅಪ್ಪ ಅಂತ ಕರೆದರೂ ಅವನು ಬರುತ್ತಾನೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

ನೋಡಿ, ಆ ಮಾತು ಕೂಸಿನ ತುಟಿಯಲ್ಲಿ ಹುಟ್ಟುತ್ತದೆ, ಖರೆ. ಹಲ್ಲು ಬೇಡ, ಬುದ್ಧಿ ಬೇಡ, ಎರಡು ತುಟಿ ಕೂಡಿದರೆ ಸಾಕು. ಆದರೆ ಅದಕ್ಕೆ ಅರ್ಥ ಕೊಡುವವರು ಯಾರು? ಪಂಡಿತರೇ? ಅಲ್ಲ. ಓ ಅಂದವನು ಕೊಡುತ್ತಾನೆ. ನೀವು ಕೊಡಬೇಕು. ನೀವು ಮೆಣಸಿನಕಾಯಿ ಮುರಿಯುವುದಿಲ್ಲ, ಸರಿ. ಕೈಯಲ್ಲಿ ಫೋನ್ ಇದೆಯಲ್ಲ? ಅದು ಗುಂಯ್ ಅಂದರೆ ಓಡುತ್ತೀರಿ, ಕೂಸು ಮೂರು ಸಲ ಕರೆದರೆ "ತಡಿ" ಅನ್ನುತ್ತೀರಿ. ಇಲ್ಲ ಅನ್ನಿ ನೋಡೋಣ!

ಇವತ್ತು ಮನೆಗೆ ಹೋಗಿ. ಕೂಸು ಕರೆದರೆ ಫೋನ್ ಕಿಸೆಯಲ್ಲಿಟ್ಟು, ಮೊದಲನೇ ಕೂಗಿಗೇ ಓ ಅನ್ನಿ. ಎರಡನೇ ಕೂಗಿಗೆ ಕಾಯಬೇಡಿ. ಯಾಕೆಂದರೆ ಮಕ್ಕಳು ಕರೆಯುವುದನ್ನು ಬಿಟ್ಟ ದಿನ ಮನೆ ಬಹಳ ಶಾಂತವಾಗಿರುತ್ತದೆ. ನೀವು ಅದನ್ನೇ ಒಳ್ಳೆಯ ಸಂಸ್ಕಾರ ಅಂದುಕೊಂಡು ಮೀಸೆ ತಿರುವುತ್ತ ಕೂತುಬಿಡುತ್ತೀರಿ.